ಪಿಕಳಾರ ಒಪ್ಪದ ವರಸೆ

ನನಗೆ ಗೊತ್ತುಮಾಡಿದ್ದ ಗಂಡನ್ನು ತಪ್ಪಿಸಿದ್ದು ಪಿಕಳಾರ ಹಕ್ಕಿ! ಹೌದು, ತಲೆಯ ಮೇಲೆ ಕಪ್ಪು ಜುಟ್ಟು, ಬಾಲದ ಬುಡದಲ್ಲಿ ಕೆಂಪು, ನೀವೆಲ್ಲ ಬುಲ್‌ಬುಲ್ ಅನ್ನುತ್ತೀರಲ್ಲ, ಅದೇ. ಹಕ್ಕಿಯ ಪರವಾಗಿ ಮಾತಾಡಿದವರು ನಮ್ಮ ಸೋದರಮಾವ. ಗೊತ್ತುಮಾಡಿದ್ದ ಗಂಡೂ ಅವರೇ.

ಗಾಬರಿಯಾಗಬೇಡಿ. ನಮ್ಮ ಚಾಮರಾಜನಗರದ ಕಡೆ ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ಹೊಸದೇನಲ್ಲ. ‘ವರಸೆ ಐತೆ’ ಅಂದುಬಿಟ್ಟರೆ ಮುಗಿಯಿತು, ಜಾತಕವನ್ನೂ ಯಾರೂ ಕೇಳುವುದಿಲ್ಲ. ನಾನು ತೊಟ್ಟಿಲಲ್ಲಿದ್ದಾಗಲೇ ಅಜ್ಜಿ ಈ ವರಸೆಯನ್ನು ಗಟ್ಟಿ ಮಾಡಿದ್ದರಂತೆ. ನನಗಾಗ ಹಲ್ಲು ಬಂದಿರಲಿಲ್ಲವಾದ್ದರಿಂದ ನನ್ನ ಅಭಿಪ್ರಾಯ ಕೇಳಲಿಲ್ಲ. ಹಲ್ಲು ಬಂದ ಮೇಲೂ ಕೇಳಲಿಲ್ಲ ಅನ್ನಿ!

ಮಾವ ಗುಂಡ್ಲುಪೇಟೆಯಲ್ಲಿ ಕಾಲೇಜು ಮೇಷ್ಟ್ರು. ಪಾಠ ಪ್ರಾಣಿಶಾಸ್ತ್ರದ್ದು, ಹುಚ್ಚು ಹಕ್ಕಿಯದ್ದು. ಎರಡು ಸಾವಿರದ ಇಸವಿ ದಾಟಿದ ಆ ವರ್ಷಗಳಲ್ಲಿ ಪಿಎಚ್‌ಡಿಗೆ ಸೇರಿಕೊಂಡಿದ್ದರು. ಬೆಳಕು ಹರಿಯುವಾಗಲೇ ಬೈಕಿನಲ್ಲಿ ಹಂಗಳದ ಕಡೆ ಹೋಗಿ, ಹೊಲದ ಬೇಲಿಯ ಪಕ್ಕ ಕಣ್ಣಿಗೇ ಕಾಣದಷ್ಟು ತೆಳುವಾದ ಬಲೆ ಕಟ್ಟಿ, ಸಿಕ್ಕ ಹಕ್ಕಿಯ ರೆಕ್ಕೆಯಿಂದ ಒಂದು ತೊಟ್ಟು ರಕ್ತ ತೆಗೆದು, ಕಾಲಿಗೊಂದು ಗುರುತಿನ ಬಳೆ ತೊಡಿಸಿ, “ಸಾರಿ ಕಣವ್ವ” ಎಂದು ಹಾರಿಬಿಡುವುದು. ಅರಣ್ಯ ಇಲಾಖೆಯ ಪರವಾನಗಿಯನ್ನು ಲ್ಯಾಮಿನೇಶನ್ ಮಾಡಿಸಿ ಕೊರಳಿಗೆ ನೇತುಹಾಕಿಕೊಂಡಿರುತ್ತಿದ್ದರು. ಆ ಹೊಲದ ಯಜಮಾನನಿಗೆ ಮಾತ್ರ ಕೊನೆಯವರೆಗೂ ಸಮಾಧಾನವಾಗಲಿಲ್ಲ.

“ಇಡ್ದೂ ಇಡ್ದೂ ಬುಟ್ಬುಡ್ತೀರಲ್ಲ ಸಾ, ಒಂದು ಸಾರಿಗಾದ್ರೂ ಆಗಕಿಲ್ವಾ?”

ಆ ಒಂದು ತೊಟ್ಟು ರಕ್ತದಲ್ಲಿ ಏನಿದೆ ಅಂತ ನಾನೂ ಕೇಳಿದ್ದೆ. ಮಾವ ಅಂದು ಇಡ್ಲಿ ಆರುವವರೆಗೆ ಹೇಳಿದರು. ಹಕ್ಕಿಗಳಿಗೂ ಮಲೇರಿಯಾ ಬರುತ್ತದಂತೆ! ರೋಗದ ಗುರುತು ಹಿಡಿಯಲು ಮೈಯಲ್ಲಿ ಕೆಲವು ಜೀನುಗಳಿವೆಯಂತೆ, ಮನೆ ಕಾಯುವ ಕಾವಲುಗಾರರ ಹಾಗೆ. ಒಬ್ಬೊಬ್ಬನಿಗೆ ಒಂದಷ್ಟು ಕಳ್ಳರ ಮುಖ ಮಾತ್ರ ಗೊತ್ತು. ತಲೆತಲಾಂತರದಿಂದ ಜ್ವರ ಬಂದು ಸತ್ತವು ಸತ್ತು, ಉಳಿದವು ಮರಿಗಳಿಗೆ ಬಿಟ್ಟುಹೋದ ಕಾವಲು ಅದು. ಕಳ್ಳರು ವೇಷ ಬದಲಿಸುತ್ತಲೇ ಇರುವುದರಿಂದ ಕಾವಲುಗಾರರಲ್ಲೂ ನಾನಾ ಬಗೆ ಇರಲೇಬೇಕು. ಅಪ್ಪ ಅಮ್ಮ ಇಬ್ಬರೂ ಒಂದೇ ಬಗೆಯವನನ್ನು ಕೊಟ್ಟರೆ ಬೇರೆ ಕಳ್ಳ ಸಲೀಸಾಗಿ ಒಳಗೆ ಬರುತ್ತಾನೆ.

ಅಜ್ಜಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು? ಅವರ ಬಾಯಲ್ಲಿ ಹಕಾರವೇ ನಿಲ್ಲುತ್ತಿರಲಿಲ್ಲ. ಬಂದವರಿಗೆಲ್ಲ, “ನನ್ ಮಗಂದು ಅಕ್ಕಿ ಕೆಲ್ಸ” ಅನ್ನುತ್ತಿದ್ದರು. ಸಂತೆಮರಹಳ್ಳಿಯಿಂದ ಬಂದ ನೆಂಟರೊಬ್ಬರು ರೈಸ್ ಮಿಲ್ಲು ಅಂದುಕೊಂಡು ಬಹಳ ಗೌರವದಿಂದ ಕೇಳಿದರು.

“ಸಣ್ಣಕ್ಕಿನೋ ದಪ್ಪಕ್ಕಿನೋ?”

“ಎರಡೂವೆ. ಸಣ್ಣವು ಬಲೆಗೆ ಬೀಳ್ತವೆ, ದಪ್ಪವು ಬಲೆ ಅರ್ಕಂಡು ಓಯ್ತವೆ!”

ನೆಂಟರು ಕಾಫಿಯನ್ನು ಅರ್ಧಕ್ಕೇ ಇಟ್ಟು ಎದ್ದರು.

ಮಾವನ ಇನ್ನೊಂದು ಹುಚ್ಚು ನಿಜ ಹೇಳುವುದು. ‘ಆರೇಳು ಹಕ್ಕಿ’ ಎಂದು ಅವರು ಹೇಳಿದ್ದನ್ನು ನಾನು ಕೇಳಿಲ್ಲ. ಆರು ಅಂದರೆ ಆರು, ಏಳು ಅಂದರೆ ಏಳು. ಅಮ್ಮ ಒಮ್ಮೆ ಸಾರು ಹೇಗಿದೆ ಅಂತ ಕೇಳಿದ್ದಕ್ಕೆ, “ಒಂದ್ಸಲ ಉಂಡು ಹೇಳಕಾಗಲ್ಲ ಅಕ್ಕ, ಇನ್ನೊಂದು ಹತ್ತು ಸಲ ನೋಡ್ಬೇಕು” ಅಂದಿದ್ದರು. ಅಮ್ಮ ಹತ್ತು ಸಲವೂ ಅದೇ ಸಾರು ಮಾಡಿ ಸೇಡು ತೀರಿಸಿಕೊಂಡಳು.

ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗ ಅಜ್ಜಿ ಹಟ ಹಿಡಿದರು. ಪರೀಕ್ಷೆ ಮುಗಿದ ತಿಂಗಳಲ್ಲೇ ಮದುವೆ! ನನಗೆ ಬಿ.ಎಡ್. ಮಾಡುವ ಆಸೆ. ಅದಕ್ಕಿಂತ ಹೆಚ್ಚಾಗಿ, ಯಾರ ಹೆಗಲ ಮೇಲೆ ಕೂತು ಬೆಳೆದೆನೋ ಅವರನ್ನು ಗಂಡ ಅಂದುಕೊಳ್ಳುವುದು ನನ್ನಿಂದ ಆಗುತ್ತಲೇ ಇರಲಿಲ್ಲ. ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಮಾವನನ್ನೇ ಒಲ್ಲೆ ಅಂದ ಹುಡುಗಿಯನ್ನು ಮದುವೆಯಾಗಲು ಯಾರು ಮುಂದೆ ಬರುತ್ತಿದ್ದರು? ಮನೆಯವರೆಲ್ಲ ಮಾತುಕತೆಗೆ ಕೂತ ದಿನ ಮಾವ ಹಂಗಳದಿಂದ ನೇರವಾಗಿ ಬಂದವರೇ, “ಆಗಕಿಲ್ಲ ಅವ್ವ” ಅಂದುಬಿಟ್ಟರು.

“ಯಾಕ್ಲಾ?”

“ಪಿಕಳಾರದಲ್ಲಿ ಎಣ್ಣು ತನ್ನ ಜೀನೇ ಇರೋ ಗಂಡನ್ನ ಒಪ್ಪಕಿಲ್ಲ. ಬೇರೆ ಜೀನು ಇರೋನ್ನೇ ಆರಿಸ್ಕತ್ತದೆ. ನಾನೂ ಈ ಕೂಸೂ ಒಂದೇ ಮನೆ ಜೀನು.”

ನಮ್ಮ ಕಡೆ ಜೀನ ಅಂದರೆ ಜಿಪುಣ. ಅಜ್ಜಿ ಸಿಡಿದೆದ್ದರು. “ಯಾರ್ಲಾ ಜೀನ? ನಿಮ್ಮಪ್ಪ ಕೇಳ್ದೋರ್ಗೆಲ್ಲ ಅನ್ನ ಇಕ್ದೋನು ಕಣ್ಲಾ! ನಾನು ಜೀನಿನಾ?”

ಅಪ್ಪ ಬಿಡಿಸಿ ಹೇಳುವಷ್ಟರಲ್ಲಿ ಅಜ್ಜಿ ಇನ್ನೊಂದು ಬಾಣ ಬಿಟ್ಟರು. “ನಾನೂ ನನ್ ಸೋದರಮಾವನ್ನೇ ಕಟ್ಕಂಡೆ. ನಿಂಗೇನ್ಲಾ ಆಗದೆ?”

ಎಲ್ಲರೂ ಮಾವನನ್ನು ಮೇಲಿಂದ ಕೆಳಗಿನವರೆಗೆ ನೋಡಿದೆವು. ಅಂಗಿಯ ಮೇಲೆ ಹಕ್ಕಿಯ ಹಿಕ್ಕೆ, ತಲೆಗೂದಲಲ್ಲಿ ಒಂದು ಗರಿ, ಕೊರಳಲ್ಲಿ ಲ್ಯಾಮಿನೇಶನ್. ಅಜ್ಜಿ ಆ ವಾದವನ್ನು ಅಲ್ಲಿಗೇ ಕೈಬಿಟ್ಟರು.

“ನಂಬಿಕೆ ಇಲ್ದಿದ್ರೆ ಇಬ್ರ ರಕ್ತಾನೂ ಲ್ಯಾಬಿಗೆ ಕಳಿಸ್ಬುಡನ” ಎಂದು ಮಾವ ಚೀಲದಿಂದ ಸೂಜಿ ತೆಗೆದದ್ದೇ ತಡ, ಮದುವೆ ಮುರಿದುಬಿತ್ತು. ಆ ಸೂಜಿಯ ಸುದ್ದಿ ಬೇಗೂರಿಗೆ ಹೋಗಿ, ಅಲ್ಲಿಂದ ಬಸ್ಸು ಹತ್ತಿ ಎಲ್ಲೆಲ್ಲಿಗೋ ಹೋಯಿತು. ‘ಆ ಮೇಷ್ಟ್ರು ಎಣ್ಣು ನೋಡಕೆ ಬಂದ್ರೆ ಮೊದ್ಲು ರಕ್ತ ಕೇಳ್ತಾರಂತೆ!’ ಮಾವನಿಗೆ ಮತ್ತೆ ಯಾರೂ ಹೆಣ್ಣು ಕೊಡಲಿಲ್ಲ. ನಾನು ಬಿ.ಎಡ್. ಮುಗಿಸಿ, ಕೆಲಸಕ್ಕೆ ಸೇರಿ, ಮನಸ್ಸಿಗೆ ಒಪ್ಪಿದವರನ್ನು ಮದುವೆಯಾದೆ. ಹಬ್ಬಕ್ಕೆ ಎಲ್ಲರೂ ಸೇರಿದಾಗ ಈ ಕಥೆ ಹೇಳಿ ನಗಿಸುತ್ತಿದ್ದವಳು ನಾನೇ. ಮಾವನೂ ನಗುತ್ತಿದ್ದರು.

ದಶಕ ಮುಗಿಯುವ ಹೊತ್ತಿಗೆ ಅವರ ಪ್ರಬಂಧವೂ ಮುಗಿಯಿತು. ಸ್ಪೆಲ್ಲಿಂಗ್ ನೋಡಿಕೊಡು ಎಂದು ನನ್ನ ಕೈಗೆ ಕೊಟ್ಟರು. ಕೊನೆಯ ಅಧ್ಯಾಯದಲ್ಲಿ ನನ್ನ ಪೆನ್ಸಿಲ್ಲು ನಿಂತಿತು. ತಾವು ನೋಡಿದ ಪಿಕಳಾರಗಳಲ್ಲಿ ಹೆಣ್ಣು ಈ ಜೀನುಗಳನ್ನು ನೋಡಿ ಗಂಡನ್ನು ಆರಿಸುತ್ತದೆ ಅನ್ನುವುದಕ್ಕೆ ಯಾವ ಗುರುತೂ ಸಿಗಲಿಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದರು.

ಆ ಹಾಳೆ ಹಿಡಿದುಕೊಂಡೇ ಹೋಗಿ ಕೇಳಿದೆ. “ಮಾವ, ಅವತ್ತು ಅಜ್ಜಿಗೆ ಬೇರೆ ಥರ ಹೇಳಿದ್ರಲ್ಲ?”

“ಅವತ್ತಿಗೆ ಇನ್ನೂ ಲೆಕ್ಕವೇ ಮಾಡಿರ್ನಿಲ್ಲ ಕಣಮ್ಮಿ” ಎಂದು ಮಾವ ಕನ್ನಡಕ ಒರೆಸುತ್ತ ಕೂತರು.

“ಮತ್ತೆ ಎಣ್ಣು ಒಪ್ಪಲ್ಲ ಅಂತ ಅಷ್ಟು ಗ್ಯಾರಂಟಿಯಾಗಿ ಹೆಂಗೆ ಹೇಳಿದ್ರಿ?”

“ಅಕ್ಕಿ ವಿಸ್ಯ ನಂಗೇನು ಗೊತ್ತಿತ್ತು? ಬಾಗಿಲ ಸಂದೀಲಿ ನಿಂತಿದ್ಯಲ್ಲ ಕೂಸೇ, ನಿನ್ ಮೊಕ ನೋಡ್ಕಂಡು ಹೇಳ್ದೆ.”

ಇಷ್ಟು ವರ್ಷ ಊರು ಅವರನ್ನು ನೋಡಿ ನಕ್ಕಿತು. ನನ್ನನ್ನು ಒಬ್ಬರೂ ಒಂದು ಮಾತು ಅನ್ನಲಿಲ್ಲ. ನಾನು ಅಲ್ಲೇ ಅವರ ಪಕ್ಕ ಕೂತು ಅತ್ತುಬಿಟ್ಟೆ.