ಅಡುಗೆಮನೆಯೊಳಗೆ ರನ್‌ವೇ

ತಪ್ಪು ಇಷ್ಟೇ. ವಿಮಾನ ನಿಲ್ದಾಣದವರು ತಮ್ಮ ನಕ್ಷೆಯನ್ನು ನಗರಸಭೆಗೆ ಕೊಟ್ಟರು. ಅವರು ಅಳತೆ ಶುರುಮಾಡುವುದು ತಮ್ಮ ಗೋಪುರದಿಂದ, ನಗರಸಭೆಯವರು ಗಡಿಯಾರದ ಕಂಬದಿಂದ. ಅದನ್ನು ಇವರು ಕೇಳಲಿಲ್ಲ, ಅವರು ಹೇಳಲಿಲ್ಲ. ಒಂದು ನಕ್ಷೆಯ ಮೇಲೆ ಇನ್ನೊಂದನ್ನು ಹೊದೆಸಿದರು. ರನ್‌ವೇ ಮೂರು ಬೀದಿ ಈಚೆಗೆ ಜಾರಿ, ಟೈಲರಣ್ಣನ ಅಡುಗೆಮನೆಯಲ್ಲಿ ಬಂದು ಮಲಗಿತು.

ಬೆಳಿಗ್ಗೆ ನಗರಸಭೆಯ ಮೇಸ್ತ್ರಿ ಬಂದವನೇ ಗೋಡೆಗೆ ಕೆಂಪು ಗುರುತು ಬಳಿದ.

“ಏನಪ್ಪಾ ಇದು?”

“ರನ್‌ವೇ ಮೇಲೆ ಮನೆ ಕಟ್ಟಿದೀರಿ. ಸಂಜೆ ಬುಲ್ಡೋಜರ್ ಬರುತ್ತೆ.”

“ನಮ್ಮಪ್ಪ ಕಟ್ಟಿದ್ದು ಕಣಪ್ಪಾ! ಇಲ್ಲಿ ವಿಮಾನ ಇರಲಿ, ಕಾಗೆ ಕೂಡ ಇಳೀತಿರಲಿಲ್ಲ!”

“ಅದನ್ನ ನಕ್ಷೆಗೆ ಹೇಳಿ.”

ಸುದ್ದಿ ಹಬ್ಬಲು ಹಾಲು ಉಕ್ಕುವಷ್ಟು ಹೊತ್ತೂ ಬೇಕಾಗಲಿಲ್ಲ. ಎದುರುಮನೆಯ ಅಜ್ಜಿ ಪೆಟ್ಟಿಗೆ ಹಿಡಿದು ಬಂದು ಟೈಲರಣ್ಣನ ಮೆಟ್ಟಿಲ ಮೇಲೆ ಕೂತರು.

“ಮಗಳ ಊರಿಗೆ ಹೋಗೋದು ಎಷ್ಟೊತ್ತಿಗಪ್ಪಾ?”

“ಅಜ್ಜೀ, ಇಲ್ಲಿಗೆ ವಿಮಾನ ಬರಲ್ಲ!”

“ತಡವಾ? ಇರಲಿ, ಕಾಯ್ತೀನಿ.”

ಹೆಂಡತಿ ಒಲೆ ಆರಿಸಿ ಹೊರಗೆ ಬಂದಳು. “ನಿಮ್ಮಪ್ಪನಿಗೆ ಬೇರೆ ಜಾಗವೇ ಸಿಗಲಿಲ್ವಾ?”

ಟೈಲರಣ್ಣ ಕೊರಳಲ್ಲಿದ್ದ ಅಳತೆ ಟೇಪಿನ ಸಮೇತ ನಗರಸಭೆಗೆ ಓಡಿದ. ನಕ್ಷೆ ಸಾಹೇಬರು ತಲೆ ಅಲ್ಲಾಡಿಸಿದರು. “ರನ್‌ವೇ ಅವರದು. ಅದನ್ನ ನಾವು ಮುಟ್ಟೋ ಹಾಗಿಲ್ಲ.”

ನಿಲ್ದಾಣಕ್ಕೆ ಓಡಿದ. ಅಲ್ಲಿನ ಅಧಿಕಾರಿ ಕಿಟಕಿ ತೋರಿಸಿದರು. “ರನ್‌ವೇ ಇದ್ದಲ್ಲೇ ಇದೆ, ನೋಡ್ರೀ. ನಿಮ್ಮ ಮನೆಯೇ ಸರಿದಿರಬೇಕು.”

“ಮನೆ ಸರಿಯೋದಕ್ಕೆ ಅದೇನು ಎಮ್ಮೆಯೇ ಸ್ವಾಮೀ?”

ಅತ್ತ ಒದ್ದರೆ ಇತ್ತ, ಇತ್ತ ಒದ್ದರೆ ಅತ್ತ, ಮಧ್ಯಾಹ್ನದವರೆಗೆ ಚೆಂಡಾದ. ಕೊನೆಗೆ ಅಧಿಕಾರಿಯ ಪ್ಯಾಂಟನ್ನೇ ಹಿಡಿದುಕೊಂಡು ಬೇಡಿದ. ಅವನೇ ಹೊಲಿದ ಪ್ಯಾಂಟು. ಎಷ್ಟು ಎಳೆದರೂ ಹರಿಯಲಿಲ್ಲ.

“ಬಿಡ್ರೀ ಮಾರಾಯ್ರೇ! ನಕ್ಷೇಲಿ ರನ್‌ವೇನ ಮೂರು ಬೀದಿ ಆಚೆ ಜರುಗಿಸಿ ಕಳಿಸ್ತೀನಿ!”

ಹೇಳಿದಂತೆ ಕಳಿಸಿದರು. ಸಂಜೆ ಬಂದ ಬುಲ್ಡೋಜರು ಗೊಣಗುತ್ತಾ ವಾಪಸು ಹೋಯಿತು. ಮೇಸ್ತ್ರಿ ಕೆಂಪು ಗುರುತನ್ನು ಒರೆಸಿದ. ಅಜ್ಜಿ ಮಾತ್ರ “ರದ್ದಾಯ್ತಂತೆ” ಎಂದು ಮುಖ ಊದಿಸಿಕೊಂಡು ಎದ್ದರು.

ಆದರೆ ಅಷ್ಟರಲ್ಲಿ ನಗರಸಭೆಯ ಸಾಹೇಬರ ಮನಸ್ಸೂ ಕರಗಿತ್ತು. ರನ್‌ವೇ ಮುಟ್ಟುವ ಹಾಗಿಲ್ಲ, ಮನೆ ಮುಟ್ಟಬಹುದಲ್ಲ! ಅವರೂ ತಮ್ಮ ಪಾಲಿಗೆ ಟೈಲರಣ್ಣನ ಮನೆಯನ್ನು ಇನ್ನೊಂದು ದಿಕ್ಕಿಗೆ ಮೂರು ಬೀದಿ ಜರುಗಿಸಿ, ಹೊಸ ನಕ್ಷೆಯನ್ನು ಎಲ್ಲ ಇಲಾಖೆಗಳಿಗೂ ಹಂಚಿಬಿಟ್ಟಿದ್ದರು.

ಟೈಲರಣ್ಣ ಕೈಕಾಲು ತೊಳೆದು ಊಟಕ್ಕೆ ಕೂತಿದ್ದ. ಇಬ್ಬರು ಪೊಲೀಸರು ಬಾಗಿಲು ಬಡಿದರು.

“ನಿನ್ನ ಮನೆ ಇರೋದು ಜೈಲಿನ ಕಾಂಪೌಂಡಿನೊಳಗೆ. ಹೊರಗೆ ಹೇಗೆ ಬಂದೆ?”

“ನಾನು ಒಳಗೆ ಯಾವತ್ತಿದ್ದೆ ಸ್ವಾಮೀ?”

“ಮಧ್ಯಾಹ್ನದಿಂದ.”

ಹೆಂಡತಿ ಗೋಳೋ ಎಂದು ಅಳತೊಡಗಿದಳು. ಹಿರಿಯ ಪೊಲೀಸಿನವನಿಗೆ ಕರುಳು ಚುರುಕ್ ಎಂದಿತು.

“ಅಳಬೇಡಿ ತಾಯೀ. ಬೇರೆ ಎಲ್ಲಿಗೂ ಕರ್ಕೊಂಡು ಹೋಗ್ತಿಲ್ಲ, ಮನೆಗೇ ಬಿಡ್ತೀವಿ” ಎಂದು ಜೀಪಿನ ಹಿಂಬಾಗಿಲು ತೆರೆದ. “ನೀವೂ ಹತ್ತಿ.”