ಮಾವನ ಬೀಗದ ಕೈ ಗೊಂಚಲು

ಹದಿನೈದು ಬೀಗದ ಕೈ ಇಟ್ಟುಕೊಂಡು ಒಂದು ಬೀಗವನ್ನೂ ಇಟ್ಟುಕೊಳ್ಳದ ಮಹಾನುಭಾವರು ಇಡೀ ಚನ್ನಗಿರಿಯಲ್ಲಿ ಒಬ್ಬರೇ ಇದ್ದರು. ಅವರು ನನ್ನ ಸೋದರಮಾವ! ಅವರ ಮನೆಗಿದ್ದದ್ದು ಬರೀ ಅಗಳಿ. ಬಸ್ ಸ್ಟ್ಯಾಂಡ್ ಹತ್ತಿರದ ಸೈಕಲ್ ಶಾಪಿಗೆ ಗೋಣಿತಾಟಿನ ಪರದೆ. ಆದರೂ ಉಡಿದಾರಕ್ಕೆ ಕಬ್ಬಿಣದ ಗೊಂಚಲು ಕಟ್ಟಿಕೊಂಡು ಝಣಝಣ ಎಂದು ಓಡಾಡುತ್ತಿದ್ದರು. ಮಾವ ಬಂದದ್ದು ಮೊದಲು ಕಿವಿಗೆ ಗೊತ್ತಾಗುತ್ತಿತ್ತು, ಆಮೇಲೆ ಕಣ್ಣಿಗೆ.

ಒಮ್ಮೆ ಹೊನ್ನಾಳಿಯ ಮದುವೆಯೊಂದರಲ್ಲಿ ಉಗ್ರಾಣದ ಬೀಗದ ಕೈ ಕಳೆದುಹೋಯಿತು. ಲಾಡು ಒಳಗೆ, ಗಂಡಿನ ಕಡೆಯವರು ಹೊರಗೆ! ಎಲ್ಲರ ಕಣ್ಣೂ ಮಾವನ ಸೊಂಟದ ಮೇಲೆ. ಆಗ ಅವರ ಬಳಿ ಇದ್ದದ್ದು ಹದಿನಾಲ್ಕು. ಮುಖ ಗಂಭೀರ ಮಾಡಿಕೊಂಡು ಒಂದೊಂದನ್ನೇ ಹಾಕಿ ತಿರುವಿದರು. ಯಾವುದಕ್ಕೂ ಬೀಗ ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಒಡೆದು ಊಟ ಬಡಿಸಿದರು. ಕಳೆದುಹೋಗಿದ್ದ ಬೀಗದ ಕೈ ಸಂಜೆ ಸಿಕ್ಕಿತು. ಹೆಂಗೂ ನಿಮಗಿನ್ನು ಕೆಲಸಕ್ಕೆ ಬರಲ್ಲ, ನನಗಾದರೂ ಕೊಡಿ ಎಂದು ಮಾವ ಅದನ್ನೂ ಕೇಳಿ ತಂದರು. ಹದಿನೈದಾದದ್ದು ಹೀಗೆ.

ಈ ಹುಚ್ಚು ಅವರಿಗೆ ಹಿಡಿದದ್ದು ನನ್ನಿಂದಲೇ. ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ, ನನಗೆ ಏಳು ವರ್ಷವಾಗಿದ್ದಾಗ, ಶಾಲೆಯ ಅಂಗಳದಲ್ಲಿ ಮೂರ್ಛೆ ಬಂತು. ಯಾರೋ ಮೂಗಿಗೆ ಈರುಳ್ಳಿ ಹಿಡಿದರಂತೆ, ಇನ್ನಾರೋ ಚಪ್ಪಲಿ. ಕೈಗೆ ಕಬ್ಬಿಣ ಕೊಡಿ ಎಂದು ಒಬ್ಬರು ಕೂಗಿದರು. ದಿನವಿಡೀ ಸ್ಪ್ಯಾನರುಗಳ ನಡುವೆಯೇ ಇರುವ ಮಾವ ಒಂದನ್ನೂ ತರದೆ ಓಡಿಬಂದಿದ್ದರು! ಬೀಗದ ಕೈಗಾಗಿ ಮನೆಮನೆ ಸುತ್ತಿ ಬರುವಷ್ಟರಲ್ಲಿ ನಾನು ಎದ್ದು ಕೂತಿದ್ದೆ. ಅಂದಿನಿಂದ ಶುರುವಾಯಿತು ಗೊಂಚಲು.

ಮೂರ್ಛೆ ಮತ್ತೆ ಮತ್ತೆ ಬಂತು. ಅದು ನಿಲ್ಲುವವರೆಗೆ ಶಾಲೆಗೆ ಕಳಿಸಬೇಡಿ ಎಂದು ಹೆಡ್‌ಮಾಸ್ತರರು ಹೇಳಿಬಿಟ್ಟರು. ಪಾಟಿಚೀಲ ಹೊತ್ತು ಹೋಗುವ ಗೆಳತಿಯರನ್ನು ಕಿಟಕಿಯಿಂದ ನೋಡುತ್ತಾ ಅಳುತ್ತಿದ್ದೆ. ಜಗಳೂರು ಕಡೆ ಯಾರೋ ಹಣೆಗೆ ಬರೆ ಹಾಕಿ ವಾಸಿ ಮಾಡುತ್ತಾರೆ, ಹೋಗೋಣ ಎಂದು ಅಜ್ಜಿ ಹಟ ಹಿಡಿದಳು.

"ಮೊದ್ಲು ನನಗೆ ಹಾಕ್ಲಿ ಅವ್ವ. ಹೆಂಗಿರ್ತೈತೆ ನೋಡಿ ಹೇಳ್ತೀನಿ" ಎಂದರು ಮಾವ. ಅಜ್ಜಿ ಮತ್ತೆ ಆ ಮಾತೆತ್ತಲಿಲ್ಲ.

ತಲೆಯೊಳಗಿನ ಕರೆಂಟನ್ನು ಕಾಗದದ ಮೇಲೆ ಬರೆಯುವ ಯಂತ್ರ ಬೆಂಗಳೂರಿನಲ್ಲಿದೆ ಎಂದು ಮಾವ ಎಲ್ಲಿಂದಲೋ ತಿಳಿದುಕೊಂಡು ಬಂದರು. ಹೊರಟೆವು. ಮೂರ್ಛೆ ಹೇಗೆ ಶುರುವಾಗುತ್ತದೆ ಎಂದು ಡಾಕ್ಟರು ಕೇಳಿದರು. ನನಗೇನು ಗೊತ್ತು? ಬಿದ್ದವಳು ನಾನು, ನೋಡಿದವರು ಮಾವ. ಅವರು ಬಾಯಲ್ಲಿ ಹೇಳುವ ಗೋಜಿಗೇ ಹೋಗದೆ, ಪಂಚೆ ಬಿಗಿದು ನೆಲದ ಮೇಲೆ ಮಲಗಿಬಿಟ್ಟರು! ಮೊದಲು ಬಲಗೈ ಹೆಬ್ಬೆರಳು ಅದುರಿತು, ಆಮೇಲೆ ಮೊಣಕೈ, ಆಮೇಲೆ ಬಾಯಿ ಸೊಟ್ಟಗಾಯಿತು. ಬಾಗಿಲಲ್ಲಿದ್ದ ಆಯಾ ಗಾಬರಿಯಿಂದ ಓಡಿಬಂದು, ಅವರ ಸೊಂಟದ ಗೊಂಚಲನ್ನೇ ಎಳೆದು ಅವರ ಕೈಗೇ ತುರುಕಿದಳು. ಕಬ್ಬಿಣದಿಂದ ಏನೂ ಆಗುವುದಿಲ್ಲ, ಮಗ್ಗುಲಿಗೆ ತಿರುಗಿಸಿ ಮಲಗಿಸಬೇಕು ಅಷ್ಟೆ ಎಂದು ಡಾಕ್ಟರು ಆಕೆಯನ್ನು ಗದರಿದರು.

ಮಾವ ನೆಲದಿಂದಲೇ ಹೇಳಿದರು: "ತಡೀರಿ ಸಾರ್, ಇನ್ನೂ ಅರ್ಧ ನಿಮಿಷ ಐತೆ."

ನನ್ನ ತಲೆಗೆ ವೈರು ಅಂಟಿಸಿ ತೆಗೆದ ಗೆರೆಗಳೂ ಮಾವ ತೋರಿಸಿದ್ದನ್ನೇ ಹೇಳಿದವಂತೆ: ತೊಂದರೆ ಏಳುವುದು ಮಿದುಳಿನ ಎಡಗಡೆಯ ಒಂದೇ ಜಾಗದಲ್ಲಿ. ಯಂತ್ರಕ್ಕಿಂತ ನಿಮ್ಮ ಮಾವನೇ ಮುಂದು ಎಂದು ಡಾಕ್ಟರು ನಕ್ಕು ಮಾತ್ರೆ ಬರೆದರು. ಒಂದು ದಿನವೂ ತಪ್ಪಬಾರದು ಎಂದರು. ತಪ್ಪಲು ಮಾವ ಬಿಡಬೇಕಲ್ಲ! ಬೆಳಿಗ್ಗೆ ಸಂಜೆ ಎದುರು ನಿಂತು, ನುಂಗಿದ ಮೇಲೆ ನಾಲಿಗೆ ಎತ್ತಿಸಿ ನೋಡುತ್ತಿದ್ದರು. ಶಾಲೆಯ ಜಗಲಿಯಲ್ಲಿ ತಾವೇ ಬಿದ್ದು, ಮಗ್ಗುಲಿಗೆ ತಿರುಗಿಸುವುದನ್ನು ಮೇಷ್ಟ್ರುಗಳಿಗೆಲ್ಲ ಕಲಿಸಿದರು. ಹೆಡ್‌ಮಾಸ್ತರರ ಸರದಿ ಮೂರು ಸಲ! ನನ್ನನ್ನು ಮರಳಿ ಸೇರಿಸಿಕೊಳ್ಳದೆ ಅವರಾದರೂ ಏನು ಮಾಡಿಯಾರು? ಮೂರ್ಛೆ ಕಡಿಮೆಯಾಗುತ್ತಾ ಬಂದು ನಿಂತೇಹೋಯಿತು.

ಹೈಸ್ಕೂಲು ಮುಗಿಯುವ ಹೊತ್ತಿಗೆ ಡಾಕ್ಟರು ಮಾತ್ರೆಯನ್ನೂ ನಿಲ್ಲಿಸಿದರು. ಇನ್ನು ಭಯವಿಲ್ಲ ಎಂದರು. ಮರಳುವ ಬಸ್ಸಿನಲ್ಲಿ ನನಗೆ ನಿದ್ದೆ ಹತ್ತಿತು. ಎಚ್ಚರವಾದಾಗ ಹದಿನೈದೂ ಬೀಗದ ಕೈ ನನ್ನ ಮುಷ್ಟಿಯಲ್ಲಿದ್ದವು. ಮುಷ್ಟಿಯ ಮೇಲೆ ಮಾವನ ಕೈ ಇತ್ತು.

"ಇದರಿಂದ ಏನೂ ಆಗಲ್ಲ ಅಂತ ಡಾಕ್ಟ್ರು ಅವತ್ತೇ ಹೇಳಿದ್ರಲ್ಲ, ಮಾವ?"

"ಗೊತ್ತೈತೆ ಕಣವ್ವ. ಮಾತ್ರೆ ನಿನಗೆ, ಇದು ನನಗೆ. ನೀನು ಬಿದ್ದಾಗ ಬರಿಗೈಲಿ ನಿಂತು ನೋಡಾಕೆ ನನ್ನ ಕೈಲಿ ಆಗ್ತಿರಲಿಲ್ಲ."

ನನಗೆ ಅಳು ಬಂತು. ಚನ್ನಗಿರಿ ಬರುವವರೆಗೂ ಮುಷ್ಟಿ ಬಿಚ್ಚಲಿಲ್ಲ.