ನೀರು ಮೂಸುವ ಬೀಗರು

ನೀರನ್ನು ಬಾಯಿಂದ ಕುಡಿಯುವವರು ಲೋಕದ ತುಂಬ ಇದ್ದಾರೆ. ಮೂಗಿನಿಂದ ಕುಡಿಯುವವರು ನಮ್ಮ ಬೀಗರೊಬ್ಬರೇ! ಮಗಳನ್ನು ಕೊಟ್ಟ ಮನೆಯ ಹಿರಿಯರು. ಅವರನ್ನು ಕಂಡು ನಗಬಾರದು. ಆದರೂ ನಕ್ಕೆ. ಅದನ್ನು ಒಪ್ಪಿಕೊಳ್ಳಲೆಂದೇ ಈಗ ಬರೆಯುತ್ತಿದ್ದೇನೆ.

ಹೆರಿಗೆಗೆ ಮಗಳು ಜಹೀರಾಬಾದಿನ ನಮ್ಮ ಮನೆಗೆ ಬಂದ ಮೇಲೆ ಬೀಗರು ತಾಂಡೂರಿನಿಂದ ವಾರವಾರವೂ ಬಸ್ಸು ಹತ್ತಿ ಬರತೊಡಗಿದರು. ಕೈಯಲ್ಲಿ ಹಣ್ಣಿಲ್ಲ, ಹೂವಿಲ್ಲ. ಒಂದು ನೀರಿನ ಕ್ಯಾನು! ಒಮ್ಮೆ ಕಂಡಕ್ಟರ್ ಅದನ್ನು ಡೀಸೆಲ್ ಎಂದು ತಿಳಿದು ಕೆಳಗಿಳಿಸಲು ಬಂದನಂತೆ. ಬೀಗರು ಮುಚ್ಚಳ ತೆಗೆದು ಅವನ ಮೂಗಿಗೇ ಹಿಡಿದರು.

“ಏನೂ ವಾಸನಿ ಇಲ್ಲಲ್ರೀ ಅಜ್ಜಾರ?”

“ಅದಕ್ಕೇ ಹೊತ್ಕೊಂಡ್ ಹೊಂಟೀನಿ!”

ನಮ್ಮ ನಳದ ನೀರು ಕೊಟ್ಟರೆ ಮೂಸಿ, ಕ್ಲೋರಿನ್ ವಾಸನೆಯೆಂದು ಮೆಲ್ಲಗೆ ಕೆಳಗಿಡುವರು. ತಾವೇ ಇದ್ದಿಲಿನ ಫಿಲ್ಟರಿನಲ್ಲಿ ಸೋಸಿ ತಂದದ್ದರಲ್ಲಿ ಒಂದು ಲೋಟ ಕುಡಿದು, ಮಿಕ್ಕಿದ್ದನ್ನು ಇಲ್ಲೇ ಬಿಟ್ಟು ಹೋಗುವರು. ತಿರುಗಿ ಹೊರಲಾರದೆ ಬಿಡುತ್ತಾರೆ ಅಂದುಕೊಂಡಿದ್ದೆ.

“ಕ್ಲೋರಿನ್ ಮ್ಯಾಲ ನಿಮಗ್ಯಾಕ್ರೀ ಇಷ್ಟು ಸಿಟ್ಟು?” ಎಂದು ಒಮ್ಮೆ ಕೆಣಕಿದೆ.

“ಸಿಟ್ಟಿಲ್ರೀ ಬೀಗರ. ಕ್ಲೋರಿನ್ ಬೇಕೇ ಬೇಕು, ಇಲ್ಲಂದ್ರ ವಾಂತಿ-ಭೇದಿ. ಆದ್ರ ನಿಮ್ಮ ಟ್ಯಾಂಕಿನ್ಯಾಗ ಬೇವಿನೆಲಿ ಕೊಳತಾವ. ಅದೂ ಇದೂ ಕೂಡಿ ಮೂರನೇದೊಂದು ಹುಟ್ಟತದ. ಕಣ್ಣಿಗಿ ಕಾಣಂಗಿಲ್ಲ, ಮೈಗಿ ಚಲೋದಲ್ಲ.”

“ಇಬ್ಬರು ಕೂಡಿ ಮೂರನೇದು ಹುಟ್ಟಲಿ ಅಂತೇ ಅಲ್ರೀ ನಾವು ಲಗ್ನ ಮಾಡಿದ್ದು!”

ಬೀಗರು ನಕ್ಕು ಮುಚ್ಚಳ ಇನ್ನೊಂದು ಸುತ್ತು ಬಿಗಿ ಮಾಡಿದರು.

ಆದರೆ ಬೀಗರು ಮನೆಯ ನೀರು ಮುಟ್ಟದಿದ್ದರೆ ನೆಂಟರು ಸುಮ್ಮನಿರುತ್ತಾರೆಯೆ? ಮಗಳ ಸೀಮಂತದ ದಿನ ನನ್ನಕ್ಕ ಕಿವಿಯಲ್ಲಿ ಉಸುರಿದಳು: “ತಮ್ಮಾ, ಬೀಗರಿಗಿ ಹುಡುಗಿ ಮ್ಯಾಲ ಏನರ ಸಿಟ್ಟದೇನೋ? ಮಂದಿ ಕೇಳಾಕತ್ಯಾರ.”

ಮಗಳ ಹೆಸರು ಬಂತಲ್ಲ, ನನ್ನ ತಲೆ ಕೆಟ್ಟಿತು. ಬೀಗರು ಅಂದು ತಂದಿದ್ದ ಕ್ಯಾನನ್ನು ಹಿತ್ತಲಿಗೆ ಒಯ್ದು ನೀರನ್ನು ಕರಿಬೇವಿನ ಗಿಡಕ್ಕೆ ಸುರಿದೆ. ನಳದ ನೀರು ತುಂಬಿದೆ. ಎಲ್ಲರೆದುರು ಅದರಿಂದಲೇ ಒಂದು ಲೋಟ ಬಗ್ಗಿಸಿ ಕೊಟ್ಟೆ. ಬೀಗರು ಮೂಸಿದರು. ನನ್ನನ್ನು ನೋಡಿದರು. ನನ್ನ ಹಿಂದೆ ಕುಳಿತ ಮಂದಿಯನ್ನು ನೋಡಿದರು. ಗಟಗಟ ಕುಡಿದೇ ಬಿಟ್ಟರು!

“ನೋಡಕ್ಕ, ಬೀಗರು ನಮ್ಮ ನಳದ ನೀರೇ ಕುಡದ್ರು!” ಎಂದು ಕೂಗಿದೆ. ಮನೆಯೆಲ್ಲ ನಕ್ಕಿತು. ಬೀಗರೂ ನಕ್ಕರು. ಮಗಳೊಬ್ಬಳು ನಗಲಿಲ್ಲ.

ಅವರು ಊರಿಗೆ ಹೋದ ಮೇಲೆ ಅಂದಳು: “ಅಪ್ಪಾ, ಆ ನೀರು ಅವರಿಗಲ್ಲ, ನನಗ. ಹೊಟ್ಟ್ಯಾಗ ಕೂಸದ ಅಂತ ಹೊತ್ಕೊಂಡ್ ಬರ್ತಾರ. ಮಾವ ಒಂದು ಗಿಲಾಸ ಕುಡಿಯೋದು, ನನಗ ಕೊಡೋ ಮೊದಲ ನೋಡಾಕ.”

ವಾರ ಕಾಯದೆ ಮರುದಿನವೇ ಬೀಗರು ಮತ್ತೆ ಕ್ಯಾನು ಹೊತ್ತು ಬಂದಾಗ ನಾನು ಮಾಳಿಗೆಯ ಮೇಲೆ, ಸಿಮೆಂಟಿನ ಟ್ಯಾಂಕಿನೊಳಗೆ ನಿಂತು ಕೊಳೆತ ಎಲೆ ಬಾಚುತ್ತಿದ್ದೆ. ಈ ವಯಸ್ಸಿನಲ್ಲಿ! ಅವರು ಏಣಿ ಹತ್ತಿ ಬಂದು ಒಳಗೆ ಇಣುಕಿದರು.

“ತಪ್ಪಾತ್ರೀ ಬೀಗರ,” ಅಂದೆ. “ನಿನ್ನಿ ಮೂಸಿದ ಕೂಡ್ಲೇ ನಿಮಗ ಗೊತ್ತಾಗಿತ್ತು, ಹೌದಲ್ಲ?”

ಅವರು ಧೋತರ ಎತ್ತಿ ಕಟ್ಟಿ, ನನ್ನ ಕೈ ಹಿಡಿದು ಟ್ಯಾಂಕಿಗಿಳಿದರು.

“ಎಲ್ಲಿ ಗೊತ್ತಾಗಬೇಕ್ರೀ! ನಿನ್ನಿ ನನಗ ನೆಗಡಿ ಆಗಿತ್ತು.”